ನಿನ್ನ ಕಾರಿನ ಬಿಗಿ ಸ್ಟೀರಿಂಗ್

ಮಂಗಳವಾರ, ಹನ್ನೆರಡನೇ ತಾರೀಕು

ಪ್ರೀತಿಯ ಪುಟ್ಟಿ,

ಹೇಗಿದ್ದೀಯ? ನಿನ್ನ ಕಾಗದ ಬಂದು ಮೂರು ವಾರವಾಯಿತು. ಅಣ್ಣ ಉತ್ತರವನ್ನೇ ಬರೆಯಲಿಲ್ಲ ಅಂತ ಬೈದುಕೊಂಡಿರುತ್ತೀಯ. ಬೈಯಿ, ತಪ್ಪಿಲ್ಲ. ಅಮ್ಮ ಚೆನ್ನಾಗಿದ್ದಾಳೆ. ದಿನಕ್ಕೆ ನಾಲ್ಕು ಸಲ ಕನ್ನಡಕ ಕಳೆದುಕೊಂಡು ನಾಲ್ಕೂ ಸಲ ತಪ್ಪು ನನ್ನ ಮೇಲೆ ಹಾಕುತ್ತಾಳೆ.

ಈಗ ಒಂದು ಕಥೆ ಕೇಳು. ಇದನ್ನು ನನಗೆ ಮೊದಲು ಹೇಳಿದವನು ಸೇತುವೆ ಪಕ್ಕದ ಗ್ಯಾರೇಜಿನ ಮೆಕ್ಯಾನಿಕ್, ಹೋದ ಗುರುವಾರ, ನಿನ್ನ ಹಳೇ ಕಾರಿನ ಅಡಿಯಲ್ಲಿ ಮಲಗಿಕೊಂಡೇ. ಎಂಟು ತಿಂಗಳಿಂದ ನಾನು ಓಡಿಸುತ್ತಿದ್ದರೂ ಅದು ನಿನ್ನ ಕಾರೇ. ಈಚೆಗೆ ಅದರ ಸ್ಟೀರಿಂಗ್ ಕಲ್ಲಾಗಿತ್ತು. ತಿರುವು ದಾಟಿದ ಮೇಲೆ ತಾನಾಗಿ ನೇರಕ್ಕೆ ಬರುತ್ತಿರಲಿಲ್ಲ, ಎಳೆದು ತರಬೇಕಿತ್ತು.

ಆ ಮೆಕ್ಯಾನಿಕ್‌ನನ್ನು ಎಲ್ಲರೂ ವಕೀಲ ಅನ್ನುತ್ತಾರೆ. ಬಾನೆಟ್ ಎತ್ತುವ ಮೊದಲೇ ಪಾಟೀಸವಾಲು ಶುರು.

"ನಿಧಾನಕ್ಕೆ ಹೋಗುವಾಗ ಬಿಗಿನೋ, ಜೋರಾಗಿ ಹೋಗುವಾಗ್ಲೂ ಬಿಗಿನೋ?"

"ಯಾವಾಗ್ಲೂ."

"ತಿರುಗಿಸುವಾಗ ಗುಂಯ್ ಅನ್ನುತ್ತಾ?"

"ಇಲ್ಲಪ್ಪ."

"ಹಾಗಾದ್ರೆ ಪವರ್ ಸ್ಟೀರಿಂಗ್ ಪಂಪಿನ ಮೇಲೆ ಈಗಲೇ ಅಪವಾದ ಬೇಡ ಸಾರ್."

ಟೈರಿನ ಗಾಳಿ ನೋಡಿದ, ಸರಿಯಿತ್ತು. ಸ್ಟೀರಿಂಗ್ ಆಯಿಲ್ ಇತ್ತು, ಬೆಲ್ಟೂ ನೆಟ್ಟಗಿತ್ತು. ಮುಂದಿನ ಚಕ್ರಗಳನ್ನು ಜಾಕ್ ಮೇಲೆ ಎತ್ತಿದರೂ ಅದೇ ಬಿಗಿ. ಸ್ಟೀರಿಂಗಿನಿಂದ ಕೆಳಗಿಳಿಯುವ ಸಲಾಕೆಯಲ್ಲಿ ಮೊಣಕೈಯ ಹಾಗೆ ಮಡಿಚುವ ಒಂದು ಜಾಯಿಂಟ್ ಇದೆ. ಅದನ್ನು ಬಿಚ್ಚಿ ನನ್ನ ಅಂಗೈ ಮೇಲಿಟ್ಟು, "ಮಡಿಚಿ ನೋಡಿ" ಅಂದ. ಎರಡೂ ಕೈ ಹಾಕಿದರೂ ಜಗ್ಗಲಿಲ್ಲ. ತುಕ್ಕು ಹಿಡಿದು ಗಂಟುಕಟ್ಟಿತ್ತು.

"ನಿನ್ನೆ ಮೊನ್ನೆಯದಲ್ಲ ಸಾರ್, ಎರಡು ವರ್ಷದ ತುಕ್ಕು. ಮುಂಚೆ ಯಾರು ಓಡಿಸ್ತಿದ್ರು?"

"ನನ್ನ ತಂಗಿ. ನರ್ಸು. ಹಾಸಿಗೆ ಹಿಡಿದವರ ಮನೆಗೇ ಹೋಗಿ ಗಾಯಕ್ಕೆ ಕಟ್ಟು ಹಾಕ್ತಿದ್ಳು, ದಿನಕ್ಕೆ ಹತ್ತು ಮನೆ."

"ಈ ಸ್ಟೀರಿಂಗ್ ಹಿಡಿದುಕೊಂಡಾ? ಏನ್ ಕೈ ಸಾರ್ ಅವರದು. ಈಗ?"

"ದೂರದ ಆಸ್ಪತ್ರೆಯ ಕೌಂಟರಿನಲ್ಲಿ ಕೂತು ಚೀಟಿ ಬರೀತಾಳೆ. ಭುಜದ ಆಪರೇಶನ್ ಆಯ್ತು. ಕೈಯಲ್ಲಿ ಶಕ್ತಿ ಇಲ್ಲ ಅಂತ ಕಾರು ಬಿಡಿಸಿದ್ವಿ."

"ಶಕ್ತಿ ಇಲ್ಲ ಅಂತ ಯಾರು ಹೇಳಿದ್ದು, ಡಾಕ್ಟರಾ?"

ನಾನು ಜಾಯಿಂಟನ್ನು ಅವನ ಕೈಗೆ ವಾಪಸ್ ಕೊಟ್ಟು ಹೊಸದರ ಬೆಲೆ ಕೇಳಿದೆ.

ಹೊಸದು ಹಾಕಿಸಿದ್ದೇನೆ. ಈಗ ಎರಡು ಬೆರಳಿಗೆ ತಿರುಗುತ್ತದೆ. ಪುಟ್ಟಿ, ನಿನ್ನ ಕಾರು ತೆಗೆದುಕೋ, ನಿನ್ನ ಕೆಲಸಕ್ಕೆ ವಾಪಸ್ ಬಾ. ಬೇಕರಿ ಅಜ್ಜ ಮೊನ್ನೆಯೂ ಅಂದ: "ನಿನ್ನ ತಂಗಿ ಕಟ್ಟು ಹಾಕಿದ್ರೆ ಗೊತ್ತೇ ಆಗ್ತಿರಲಿಲ್ಲ. ಈಗ ಬರೋನು ಗೋಡೆಗೆ ಪೋಸ್ಟರ್ ಅಂಟಿಸಿದ ಹಾಗೆ ಅಂಟಿಸಿ ಹೋಗ್ತಾನೆ."

ಹೊತ್ತಿಗೆ ಸರಿಯಾಗಿ ಊಟ ಮಾಡು. ಭುಜ ಜೋಪಾನ. ನೂರು ಕಾಲ ಸುಖವಾಗಿರು.

ನಿನ್ನ
ಅಣ್ಣ

ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಸಾಲದೆ ಕೆಳಗೆ ಉಳಿದದ್ದು: ಆಪರೇಶನ್ ಆದ ಮೇಲೆ ನೀನು ಕಾರನ್ನು ಗೇಟಿನ ಕಂಬಕ್ಕೆ ಗುದ್ದಿದ ದಿನ, "ಅಣ್ಣ, ಸ್ಟೀರಿಂಗ್ ಬಿಗಿ ಇದೆ" ಅಂದೆ. ಎಲ್ಲರೆದುರು ನಾನು, "ಬಿಗಿ ಅದರಲ್ಲಿಲ್ಲ, ನಿನ್ನ ಕೈಯೇ ಹೋಗಿದೆ" ಅಂದುಬಿಟ್ಟೆ. ಆಮೇಲೆ ಕಾರನ್ನು ಒಳಗೆ ನಿಲ್ಲಿಸಲು ಕೂತವನು ನಾನೇ ಅಲ್ಲವೇ? ಆಗಲೇ ನನ್ನ ಕೈಗೂ ಆ ಬಿಗಿ ತಾಗಿತ್ತು. ಆಡಿದ ಮಾತು ನುಂಗಲಾಗದೆ ಸುಮ್ಮನಾದೆ. ನೀನು ಕೀ ಮೇಜಿನ ಮೇಲಿಟ್ಟು ಒಳಗೆ ಹೋದೆ, ಆಗಲೂ ಸುಮ್ಮನಿದ್ದೆ.

ನಿನ್ನೆ ಊಟಕ್ಕೆ ಕೂತಾಗ ಅಮ್ಮನಿಗೂ ನಿನ್ನ ಅತ್ತಿಗೆಗೂ ಇದನ್ನೆಲ್ಲ ಹೇಳಿದೆ. ಇವತ್ತು ಬೆಳಿಗ್ಗೆ ಅಮ್ಮ, "ಭಾನುವಾರ ಕಾರಲ್ಲೇ ಹೋಗಿ ಕೀ ಅವಳ ಕೈಗೆ ಕೊಡು. ಅವಳು ಬಂದ್ರೂ ಸರಿ, ಬರದಿದ್ರೂ ಸರಿ, ನೀನು ಬಸ್ಸಲ್ಲಿ ಬಾ" ಅಂದಳು. ಹೊರಗೆ ಬಂದರೆ ನಿನ್ನ ಅತ್ತಿಗೆ ಡ್ರೈವರ್ ಸೀಟನ್ನು ನೀನು ಕೂರುವಷ್ಟು ಮುಂದಕ್ಕೆ ಎಳೆದಿಟ್ಟಿದ್ದಳು. ನಾನು ಅದನ್ನು ಹಿಂದಕ್ಕೆ ಸರಿಸಲಿಲ್ಲ. ಮೊಣಕಾಲು ಸ್ಟೀರಿಂಗಿಗೆ ತಾಗಿಸಿಕೊಂಡೇ ಕೆಲಸಕ್ಕೆ ಹೋಗಿಬಂದೆ.