ಕಿವಿಗೆ ಬಿಟ್ಟ ಎಣ್ಣೆ

ರಾಂಪುರ (ಮೊಳಕಾಲ್ಮೂರು ತಾಲ್ಲೂಕು)
12 ನವೆಂಬರ್ 1998, ಗುರುವಾರ

ಶೈಲಜಾಳ ಅಪ್ಪನವರಿಗೆ ಸರ್ವಮಂಗಳಾ ಮಾಡುವ ನಮಸ್ಕಾರ.

ಶೈಲಜಾಳ ಬಲಗಣ್ಣು ಪೂರ್ತಿ ಮುಚ್ಚುತ್ತಿಲ್ಲ. ಮಂಗಳವಾರ ಬೆಳಿಗ್ಗೆ ಇದನ್ನು ಮೊದಲು ಕಂಡವಳು ನಮ್ಮವ್ವ. ಮುಖ ತೊಳೆಸುವಾಗ ಸೋಪಿನ ನೀರು ಕಣ್ಣಿಗೆ ಹೋಗಿ ಮಗು ಚೀರಿತು. ಅವ್ವ ಕಣ್ಣು ಮುಚ್ಚಿಕೋ ಎಂದರೆ ಇವಳು, "ಮುಚ್ಚೇ ಐತಲ್ಲಜ್ಜಿ" ಎಂದಳು. ಮುಚ್ಚಿರಲಿಲ್ಲ. ಬಾಯಿ ಮುಕ್ಕಳಿಸಿದರೆ ನೀರು ಬಲಗಡೆಯ ತುಟಿಯಿಂದ ಸೋರುತ್ತದೆ. ನಕ್ಕರೆ ಬಾಯಿ ಎಡಕ್ಕೆ ಎಳೆದುಕೊಳ್ಳುತ್ತದೆ.

ಕಾಗದದ ಮೊದಲಿಗೆ ಎಲ್ಲರೂ ಕ್ಷೇಮವೆಂದು ಬರೆಯುವುದು ರೂಢಿ. ಮೇಲಿನ ಕಾರಣಕ್ಕೆ ಅದನ್ನು ಬಿಟ್ಟಿದ್ದೇನೆ.

ಅವತ್ತೇ ಮಧ್ಯಾಹ್ನ ಮೊಳಕಾಲ್ಮೂರಿಗೆ ಕರೆದುಕೊಂಡು ಹೋದೆ. ಅಲ್ಲಿನ ಡಾಕ್ಟರು ಸೋರುವ ಬಲಗಿವಿಗೆ ಬ್ಯಾಟರಿ ಬಿಟ್ಟು ನೋಡಿ, ಮುಖ ನೋಡಿ, ಬಳ್ಳಾರಿಯ ಕಿವಿ ಡಾಕ್ಟರಿಗೆ ಚೀಟಿ ಬರೆದರು. ನಾಳೆಯೇ ಹೋಗಬೇಕು ಎಂದರು. ನಿನ್ನೆ ಬುಧವಾರ ನಮ್ಮಪ್ಪ, ನಾನು, ಮಗು ಬಳ್ಳಾರಿಗೆ ಹೋಗಿ ಬಂದೆವು.

ಡಾಕ್ಟರಮ್ಮ ನಮ್ಮಷ್ಟೇ ವಯಸ್ಸಿನವರು. ಕಿವಿ ಎಷ್ಟು ದಿನದಿಂದ ಸೋರುತ್ತಿದೆ ಎಂದು ಕೇಳಿದರು. ಎರಡು ವರ್ಷ ಎಂದೆ. ಕಿವಿಗೆ ಏನು ಹಾಕುತ್ತಿದ್ದಿರಿ ಎಂದರು. ನಾನು ಬಾಯಿ ತೆರೆಯುವ ಮೊದಲೇ ಶೈಲಜಾ, "ಎಣ್ಣೆ. ನಮ್ಮಪ್ಪ ಮಿಲ್ಲಿಂದ ತರೋದು. ಡ್ರಮ್ಮಿನ ಮೇಲಿನ ತಿಳಿ ಎಣ್ಣೆ, ಗಸಿ ಅಲ್ಲ" ಎಂದಳು. ಅವಳಿಗೆ ಅದು ಹೆಮ್ಮೆಯ ವಿಷಯ. ಡಾಕ್ಟರಮ್ಮ ಕೈಯಲ್ಲಿದ್ದ ಸಲಕರಣೆ ಕೆಳಗಿಟ್ಟು, "ಎಣ್ಣೆ ಒಳ್ಳೇದೇ ಇರ್ತದೆ ಪುಟ್ಟಿ, ಆದ್ರೆ ಕಿವಿ ಬಾಣಲಿ ಅಲ್ಲ" ಎಂದರು. ನನ್ನ ಮುಖ ನೋಡಲಿಲ್ಲ.

ಎಕ್ಸ್‌ರೇ ಆಯಿತು. ಕಿವಿಯ ತಮಟೆಯ ಹಿಂದೆ ಒಂದು ಗಡ್ಡೆ ಬೆಳೆದು ಒಳಗಿನ ಮೂಳೆಯನ್ನು ತಿನ್ನುತ್ತಿದೆ, ಗೆದ್ದಲು ತೊಲೆ ತಿಂದ ಹಾಗೆ. ಈಗ ಅದು ಮುಖ ಆಡಿಸುವ ನರಕ್ಕೆ ಬಂದಿದೆ. ಅಲ್ಲಿಂದ ಮುಂದೆ ಇರುವುದು ಮಿದುಳಿನ ಪೊರೆ. ಇವು ಅವರದೇ ಮಾತು. ಆಪರೇಷನ್ ಸೋಮವಾರ. ಅಲ್ಲಿಯವರೆಗೆ ದಿನಕ್ಕೆ ಎರಡು ಇಂಜೆಕ್ಷನ್, ಇಲ್ಲಿಯ ನರ್ಸಮ್ಮ ಮನೆಗೇ ಬಂದು ಕೊಡುತ್ತಾರೆ. ಮುಖ ಮತ್ತೆ ಸರಿಹೋಗುವ ಸಾಧ್ಯತೆ ಇದೆಯಂತೆ. ಆ ಕಿವಿ ಇನ್ನು ಎಷ್ಟು ಕೇಳಿಸುತ್ತದೆ ಎಂಬುದಕ್ಕೆ ಮಾತು ಕೊಡಲಿಲ್ಲ. ಸೋಮವಾರ ತಪ್ಪಿದರೆ ಏನು ಎಂದು ಅಪ್ಪ ಕೇಳಿದರು. "ತಪ್ಪಿಸ್ಬೇಡಿ ಯಜಮಾನ್ರೇ" ಎಂದಷ್ಟೇ ಹೇಳಿದರು.

ಸರ್ಕಾರಿ ದೊಡ್ಡಾಸ್ಪತ್ರೆಯಲ್ಲಿ ವಿಚಾರಿಸಿದ್ದೀಯಾ ಎಂದು ನೀವು ಕೇಳುತ್ತೀರಿ. ವಿಚಾರಿಸಿದೆ. ಅಲ್ಲಿ ಸರದಿ ಮುಂದಿನ ತಿಂಗಳಿಗೆ. ಡಾಕ್ಟರಮ್ಮನ ಆಸ್ಪತ್ರೆಯಲ್ಲಿ ಆಪರೇಷನ್, ಔಷಧಿ, ಹತ್ತು ದಿನದ ಕೋಣೆ ಎಲ್ಲ ಸೇರಿ ಹದಿನಾಲ್ಕು ಸಾವಿರ. ಅಪ್ಪನ ಕೈಯಲ್ಲಿ ಮೂರು ಸಾವಿರ ಇದೆ. ನನ್ನ ಬಳೆಗಳು ಯಾವಾಗಲೋ ಪೋಸ್ಟಾಫೀಸಿನ ಪುಸ್ತಕ ಸೇರಿವೆ, ನಿಮಗೆ ಗೊತ್ತು.

ಅದೇ ಸೋಮವಾರ ನೀವು ಚಿಕ್ಕೀರಪ್ಪನವರಿಗೆ ಗಾಣದ ಮಿಷನ್ನಿನ ಬಾಕಿ ಹಣ ಕೊಟ್ಟು ಕರಾರು ಬರೆಸಬೇಕು ಎಂಬುದೂ ನನಗೆ ನೆನಪಿದೆ. ಕಡೇ ಕಾರ್ತಿಕ ಸೋಮವಾರ ಎಂದು ದಿನ ನೋಡಿ ಇಟ್ಟವರು ಅತ್ತೆಯವರು. ಮಿಷನ್ನಿಗೆ ಮೂವತ್ತಮೂರು ಬೇಕು, ಪುಸ್ತಕದಲ್ಲಿ ಮೂವತ್ತನಾಲ್ಕು ಇದೆ. ಎರಡೂ ಆಗುವುದಿಲ್ಲ. ನೀವು ತಪ್ಪಿದರೆ ಹಿರಿಯೂರಿನ ಪಾರ್ಟಿ ಕಾಯುತ್ತಿದೆ, ಕೊಟ್ಟ ಮುಂಗಡ ಎರಡು ಸಾವಿರವೂ ವಾಪಸ್ಸು ಬರುವುದಿಲ್ಲ. ಇಂಥ ಮಿಷನ್ನು ಈ ರೇಟಿಗೆ ಮತ್ತೆ ಸಿಗುವುದಿಲ್ಲ ಎಂದು ನೀವು ಹೇಳಿದ್ದು ನಿಜವೇ. ಹದಿಮೂರು ವರ್ಷ ಇನ್ನೊಬ್ಬರ ಮಿಲ್ಲಿನಲ್ಲಿ ಗುಮಾಸ್ತಿಕೆ ಮಾಡಿದವರು ಸ್ವಂತಕ್ಕೆ ಒಂದು ಗಾಣ ಹಾಕಬೇಕೆಂದರೆ ಅದು ದುರಾಸೆಯಲ್ಲ. ದುರಾಸೆ ಎಂದು ನಾನು ಯಾರೆದುರೂ ಹೇಳಿಲ್ಲ.

ಈ ಮಾತನ್ನು ಫೋನಿನಲ್ಲಿ ಹೇಳಬಹುದಿತ್ತು. ನಿನ್ನೆ ಬಳ್ಳಾರಿಯಿಂದ ಎರಡು ಸಲ ಮಿಲ್ಲಿಗೆ ಮಾಡಿದೆ. ಮೊದಲ ಸಲ ನೀವು ತಳಕಿಗೆ ಶೇಂಗಾಕಾಯಿ ತೂಗಿಸಲು ಹೋಗಿದ್ದಿರಿ. ಎರಡನೇ ಸಲ ಸಾಹುಕಾರರೇ ಎತ್ತಿ, "ಏನ್ ವಿಷ್ಯ ಹೇಳಮ್ಮ, ನಾನೇ ಹೇಳ್ತೀನಿ" ಎಂದರು. ಅವರ ಬಾಯಿಂದ ನಿಮಗೆ ಇದು ಗೊತ್ತಾಗುವುದು ಬೇಡ ಎಂದು ಇಟ್ಟುಬಿಟ್ಟೆ. ಕುರಿ ವ್ಯಾಪಾರದ ತಿಪ್ಪಯ್ಯ ನಾಳೆ ಮೊದಲ ಬಸ್ಸಿಗೆ ಚಳ್ಳಕೆರೆಗೆ ಬರುತ್ತಿದ್ದಾನೆ. "ಪರವಾಲೇದಕ್ಕ, ಅಣ್ಣನ ಕೈಗೇ ಕೊಡ್ತೀನಿ, ಬ್ಯಾರೇರ್ ಕೈಗ್ ಕೊಡಂಗಿಲ್ಲ" ಎಂದಿದ್ದಾನೆ.

ದೀಪಾವಳಿಗೆಂದು ನಾಲ್ಕು ದಿನಕ್ಕೆ ಬಂದವಳು ಇಪ್ಪತ್ತಾರು ದಿನ ಉಳಿದಿದ್ದೇನೆ. ಯಾಕೆಂದು ನೀವು ಕೇಳಿ ಬರೆಯಲಿಲ್ಲ, ನಾನೂ ಹೇಳಿ ಬರೆಯಲಿಲ್ಲ. ಹೊರಡುವ ಹಿಂದಿನ ದಿನ ಕಿವಿಯಿಂದ ವಾಸನೆ ಬರುತ್ತಿದೆ, ಬಳ್ಳಾರಿಗೆ ತೋರಿಸೋಣ ಎಂದೆ. ಅತ್ತೆಯವರು, "ಕಿವಿ ಸೋರದ ಮಗು ಯಾವ್ದೈತೆ? ಇವನಿಗೂ ಸೋರ್ತಿತ್ತು. ಎರಡು ತೊಟ್ಟು ಬೆಚ್ಚಗೆ ಬಿಡು, ಹೋಗ್ತೈತೆ" ಎಂದರು. ನೀವು ತಲೆ ಎತ್ತದೆ, "ಮಿಷನ್ ಒಂದು ಆಗ್ಲಿ, ಆಮೇಲೆ ಹೋಗೋಣ" ಎಂದಿರಿ. ಅಷ್ಟೇ ಮಾತು. ನಾನು ಬ್ಯಾಗಿಗೆ ನಾಲ್ಕು ದಿನದ ಬಟ್ಟೆ ತುಂಬುವವಳು ಹತ್ತು ದಿನದ ಬಟ್ಟೆ ತುಂಬಿದೆ.

ಇಲ್ಲಿ ನಿಮ್ಮ ಬಗ್ಗೆ ಏನು ಹೇಳುತ್ತಾರೆ ಎಂದು ಮುಚ್ಚಿಡುವುದಿಲ್ಲ. ನಿನ್ನೆ ವಾಪಸ್ಸು ಬರುವಾಗ ಬಸ್ಸಿನಲ್ಲಿ ಅಪ್ಪ ನಾಲ್ಕು ಜನ ಕೇಳುವಂತೆ, "ನಿನ್ನ ಗಂಡ ಶೇಂಗಾ ಸಿಪ್ಪೆನೂ ಎಣಿಸಿ ಒಲೆಗೆ ಹಾಕ್ತಾನಂತೆ. ಮಗಳ ಕಿವಿ ಒಂದು ಲೆಕ್ಕಕ್ಕೆ ಸಿಗ್ಲಿಲ್ವೇನವ್ವ ಅವನಿಗೆ" ಎಂದರು. ಪಕ್ಕದಲ್ಲಿದ್ದ ಮೂಗಮ್ಮ, ನಮ್ಮ ಓಣಿಯವಳೇ, "ಬಿಡ್ರಿ ಜಂಬುಲಿಂಗಪ್ನೋರೆ, ಉಳ್ಸೋ ಗಂಡು ಸಿಗಾದೂ ಕಷ್ಟ" ಎಂದಳು. ಅಪ್ಪ, "ಉಳ್ಸಾಕೆ ಮೊದ್ಲು ಮಗು ಉಳೀಬೇಕಲ್ಲಮ್ಮ" ಎಂದುಬಿಟ್ಟರು. ಆಮೇಲೆ ಅವರೇ ಕಿಟಕಿ ಕಡೆ ತಿರುಗಿಕೊಂಡರು. ಶೈಲಜಾ ನನ್ನ ಬಲಕ್ಕೆ ಕೂತಿದ್ದಳು. ಅವಳ ಎಡಗಿವಿ ನಮ್ಮ ಕಡೆಗಿತ್ತು, ಎಲ್ಲ ಕೇಳಿಸಿದೆ.

ನಿಮ್ಮ ಉಳಿತಾಯವನ್ನು ನಾನು ಹಂಗಿಸುವ ಹಾಗಿಲ್ಲ. ಒಂದೇ ಬಲ್ಬನ್ನು ಕರವಸ್ತ್ರ ಸುತ್ತಿ ಬಿಚ್ಚಿ ಪಡಸಾಲೆಯಿಂದ ಅಡುಗೆಮನೆಗೆ ತರುತ್ತಿದ್ದವರು ನೀವಾದರೆ, ಸೋಪಿನ ಚೂರನ್ನು ಹೊಸ ಸೋಪಿಗೆ ಅಂಟಿಸಲು ಕಲಿಸಿದವಳು ನಾನು. ಮಿಲ್ಲಿನ ಹಳೇ ಪುಸ್ತಕದ ಖಾಲಿ ಹಾಳೆ ನೀವು ತಂದಿರಿ, ನೋಟ್‌ಬುಕ್ ಹೊಲಿದವಳು ನಾನು. ಮಿಲ್ಲಿನವರು ಬೇಡವೆಂದು ಬಿಟ್ಟ ಗಸಿ ಎಣ್ಣೆಯನ್ನು ಮೂರು ದಿನ ತಿಳಿಗೆ ಇಟ್ಟು ಹನ್ನೊಂದು ವರ್ಷ ಅಡುಗೆ ಮಾಡಿದ್ದೇನೆ. ಹಬ್ಬಕ್ಕೂ ತಿಳಿ ಎಣ್ಣೆ ತರದವರು ಕಿವಿಗೆ ಎಂದ ಕೂಡಲೇ ದುಡ್ಡು ಕೊಟ್ಟು ಡ್ರಮ್ಮಿನ ಮೇಲಿಂದ ಹಿಡಿಸಿಕೊಂಡು ಬಂದಿರಿ, ಪ್ರತಿ ತಿಂಗಳೂ. ಅದು ನಿಮಗೆ ಗೊತ್ತಿದ್ದ ಎಲ್ಲಕ್ಕಿಂತ ಒಳ್ಳೆಯ ಔಷಧಿ. ನಮ್ಮೂರಿನಲ್ಲಿ ಕೆಮ್ಮಿಗೂ ಎಣ್ಣೆ, ಕಾಲು ಉಳುಕಿದರೂ ಎಣ್ಣೆ, ದೃಷ್ಟಿಗೂ ಎಣ್ಣೆ. ಡಾಕ್ಟರಮ್ಮ ಬಾಣಲಿಯ ಮಾತು ಆಡಿದಾಗ ನನಗೆ ಆ ಸಣ್ಣ ಬಾಟಲಿ ಕಣ್ಣೆದುರು ಬಂತು, ನೀವು ಅದರ ಮುಚ್ಚಳಕ್ಕೆ ಬಟ್ಟೆ ಕಟ್ಟಿ ಇಡುತ್ತಿದ್ದದ್ದು.

ಒಂದು ಮಾತು ನಿಮಗೂ ಗೊತ್ತಿಲ್ಲ ಅನಿಸುತ್ತದೆ. ಶೈಲಜಾ ಸ್ಕೂಲಿನಲ್ಲಿ ಯಾವಾಗಲೂ ಬಲಗಡೆಯ ಗೋಡೆಗೆ ಒತ್ತಿ ಕೂರುತ್ತಾಳಂತೆ, ಮೇಷ್ಟ್ರು ಎಡಗಿವಿಗೆ ಸಿಗಲಿ ಎಂದು. ಯಾವಾಗಿನಿಂದ ಎಂದು ಡಾಕ್ಟರಮ್ಮ ಕೇಳಿದರು. "ಎರಡನೇ ಕ್ಲಾಸಿಂದ" ಎಂದಳು. ಈಗ ನಾಲ್ಕನೇ ಕ್ಲಾಸು. ಹೇಳಬಾರದಿತ್ತೇ ಎಂದು ನಾನು ಕೇಳಿದರೆ, "ಬಳ್ಳಾರಿಗೆ ಹೋದ್ರೆ ದುಡ್ಡು ಖರ್ಚಾಗ್ತೈತಲ್ಲವ್ವ" ಎಂದಳು. ಇದನ್ನು ಅವಳಿಗೆ ನಾವು ಯಾರೂ ಕೂರಿಸಿಕೊಂಡು ಕಲಿಸಿದ್ದಲ್ಲ.

ಅಷ್ಟರಲ್ಲಿ ಡಾಕ್ಟರಮ್ಮ ಇನ್ನೊಂದು ಕೇಳಿದರು. ಕಿವಿ ಡಾಕ್ಟರಿಗೆ ತೋರಿಸಿ ಎಂದು ಮೊದಲು ಯಾರೂ ಹೇಳಿರಲಿಲ್ಲವೇ ಎಂದರು. ಮನೆಯವರು ಆಮೇಲೆ ನೋಡೋಣ ಅಂದರು ಎಂದೆ. ಅಪ್ಪ ಹಲ್ಲು ಕಡಿದರು. ಡಾಕ್ಟರಮ್ಮ ಅದನ್ನು ಬರೆದುಕೊಂಡು, ಹಳೆಯ ಕಾಗದ ಏನಿದ್ದರೂ ಭರ್ತಿಯ ದಿನ ತನ್ನಿ ಎಂದರು.

ಪುಸ್ತಕ ನಿಮ್ಮ ಹತ್ತಿರ ಇದೆ. ಖಾತೆ ಇಬ್ಬರ ಹೆಸರಿನದು, ಇಬ್ಬರ ಸಹಿ ಇಲ್ಲದೆ ಹಣ ಬರುವುದಿಲ್ಲ. ಮಿಷನ್ನಿಗಾದರೂ ನನ್ನ ಸಹಿ ಬೇಕು. ಅದಕ್ಕೇ ಅಪ್ಪ, "ಸಹಿ ಹಾಕ್ಬೇಡ ಮಂಗಳಾ. ಅವನೇ ಓಡಿ ಬರ್ತಾನೆ, ಆಗ ಇಲ್ಲೇ ಕೂರಿಸಿ ಮಾತಾಡೋಣ" ಎಂದರು. ನಾನು ಹಾಕಿದ್ದೇನೆ. ಹಣ ತೆಗೆಯುವ ಫಾರಂ ಇದರ ಜೊತೆ ಇದೆ. ಅದರ ಹಿಂದೆ ಮುಂದೆ ಎರಡೂ ಕಡೆ ನನ್ನ ಸಹಿ ಇದೆ. ಮೊತ್ತದ ಜಾಗ ಖಾಲಿ ಬಿಟ್ಟಿದ್ದೇನೆ. ನಿಮ್ಮನ್ನು ಸಹಿಯಿಂದ ಕಟ್ಟಿ ತರಿಸಿಕೊಂಡರೆ ಆಪರೇಷನ್ ಆಗುತ್ತದೆ, ಆಮೇಲೆ ನಾವಿಬ್ಬರೂ ಒಂದೇ ಮನೆಯಲ್ಲಿ ಇರುವುದು ಕಷ್ಟ.

ಅತ್ತೆಯವರಿಗೆ ಕಣ್ಣಿನ ವಿಷಯ ಮೆಲ್ಲಗೆ ಹೇಳಿ. ಎಣ್ಣೆಯ ಮಾತು ಎತ್ತಬೇಡಿ. ಶೈಲಜಾ ಕನ್ನಡಿ ಕೇಳುತ್ತಾಳೆ, ನಾವು ಕೊಡುತ್ತಿಲ್ಲ. ನೀವು ಬರುತ್ತೀರೆಂದು ನಾನು ಅವಳಿಗೆ ಹೇಳಿಲ್ಲ, ಬರುವುದಿಲ್ಲ ಎಂದೂ ಹೇಳಿಲ್ಲ.

ಪೋಸ್ಟಾಫೀಸು ಶುಕ್ರವಾರ ಮಧ್ಯಾಹ್ನ ಎರಡರವರೆಗೆ ಹಣ ಕೊಡುತ್ತದೆ. ಚಳ್ಳಕೆರೆಯಿಂದ ರಾಂಪುರದ ಮೇಲೆ ಬಳ್ಳಾರಿಗೆ ಹೋಗುವ ಬಸ್ಸು ಭಾನುವಾರ ಸಂಜೆ ನಾಲ್ಕಕ್ಕಿದೆ. ನಾವು ಸೋಮವಾರ ಬೆಳಿಗ್ಗೆ ಆರರ ಬಸ್ಸಿಗೆ ಹೊರಡುತ್ತೇವೆ.

ಇಂತಿ,
ಸರ್ವಮಂಗಳಾ

ಮತ್ತೆ ಬರೆದದ್ದು: ಮೇಲಿನದನ್ನು ಅಪ್ಪ ಓದಿ, ತಾವು ಬೈದಿದ್ದೂ ಇರಲಿ ಎಂದರು. ಇದನ್ನು ಅವರು ನೋಡಿಲ್ಲ.

ಹಳೆಯ ಕಾಗದ ಒಂದು ಇದೆ. ಅಡುಗೆಮನೆಯ ಮೇಲಿನ ಹಲಗೆಯಲ್ಲಿ ಹುಣಸೆಹಣ್ಣಿನ ಜಾಡಿಯ ಹಿಂದೆ ಖಾಲಿ ಟೀಪುಡಿ ಡಬ್ಬಿಯಿದೆ, ಅದರ ತಳದಲ್ಲಿ ನೋಡಿ. ಚಳ್ಳಕೆರೆ ಡಾಕ್ಟರು ಬರೆದ ಚೀಟಿ. ತಾರೀಖು 23 ಜನವರಿ 1997. ಒಂದು ವಾರದೊಳಗೆ ಬಳ್ಳಾರಿಯ ಕಿವಿ ಡಾಕ್ಟರಿಗೆ ತೋರಿಸಬೇಕು ಎಂದು ಬರೆದು ಕೆಳಗೆ ಗೆರೆ ಎಳೆದಿದ್ದಾರೆ. ಅವತ್ತು ಮಗುವನ್ನು ಕರೆದುಕೊಂಡು ಹೋದವಳು ನಾನೊಬ್ಬಳೇ. ನಿಮಗೆ ಬಂದು ಡಾಕ್ಟರು ಹನಿ ಬರೆದುಕೊಟ್ಟರು ಎಂದಷ್ಟೇ ಹೇಳಿದೆ. ಆ ವಾರ ಬಳೆಯ ದುಡ್ಡು ಕಟ್ಟಿದರೆ ಪುಸ್ತಕದಲ್ಲಿ ಇಪ್ಪತ್ತು ಸಾವಿರ ತುಂಬುತ್ತಿತ್ತು, ಅದನ್ನು ನಿಮಗೆ ತೋರಿಸಬೇಕೆಂದು ನನಗೆ ಆಸೆಯಿತ್ತು. ತೋರಿಸಿದೆ. ನೀವು ಪುಸ್ತಕವನ್ನು ಎರಡು ಸಲ ತೆರೆದು ನೋಡಿದಿರಿ. ಆ ಚೀಟಿಯನ್ನು ಆಮೇಲೆ ಹೇಳೋಣ ಎಂದು ಡಬ್ಬಿಯಲ್ಲಿಟ್ಟೆ. ಹನಿ ಮುಗಿದ ಮೇಲೆ, ಎಣ್ಣೆ ಬಿಡಬಹುದೇ ಎಂದು ಅತ್ತೆಯವರನ್ನು ಮೊದಲು ಕೇಳಿದವಳೂ ನಾನೇ.

ಹದಿನಾಲ್ಕು ಸಾವಿರದ ಜೊತೆ ಆ ಚೀಟಿಯನ್ನೂ ತನ್ನಿ. ಅಪ್ಪನ ಎದುರಿಗೇ ಡಾಕ್ಟರಮ್ಮನ ಕೈಗೆ ನಾನೇ ಕೊಡುತ್ತೇನೆ. ಭರ್ತಿ ಸೋಮವಾರ ಬೆಳಿಗ್ಗೆ ಎಂಟಕ್ಕೆ.