ಸಂಡಿಗೆಯೆಂದು ಕೊಟ್ಟದ್ದು

ಜುಬೈಲ್
16-2-1986

ಅಲೀಮಮ್ಮನವರೇ,

ಶುಕ್ರವಾರ ನಮ್ಮ ಮನೆಯಿಂದ ಒಯ್ದ ಸಂಡಿಗೆಯನ್ನು ಬಸುರಿ ಸೊಸೆಗೆ ಕೊಡಬೇಡಿ, ಎಸೆಯಿರಿ. ಅದು ಹಂದಿಯ ಚರ್ಮ ಕರಿದದ್ದು. ನಿನ್ನೆಯಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಅದಕ್ಕೇ ಮಗನ ಕೈಯಲ್ಲಿ ಈ ಕಾಗದ ಕಳುಹಿಸಿದ್ದೇನೆ.

ಪಕ್ಕದ ಮನೆಯ ಫಿಲಿಪೈನ್ಸ್ ನರ್ಸ್ ರಜೆಯಿಂದ ಬರುವಾಗ ತಂದದ್ದು. ಅವರ ಊರಿನಲ್ಲಿ ಚಿಚರೋನ್ ಎನ್ನುತ್ತಾರಂತೆ. "ಸ್ಕಿನ್, ಮಮ್ಮಿ, ವಿನೆಗರಿನಲ್ಲಿ ಅದ್ದಿ ತಿನ್ನಿ" ಅಂದಳು. ನಾನು ಕುಂಬಳಕಾಯಿಯ ಸಿಪ್ಪೆ ಎಂದುಕೊಂಡೆ. ನಿನ್ನೆ ಇನ್ನಷ್ಟು ಕೇಳಲು ಹೋದಾಗ ನಿಜ ತಿಳಿಯಿತು.

"ಎಂತ ಗರಿಗರಿ ಮಾರಾಯ್ತಿ, ಯಾರು ಮಾಡಿದ್ದು?" ಎಂದು ಶುಕ್ರವಾರ ತಿನ್ನುತ್ತಾ ಕೇಳಿದಿರಿ. "ಮತ್ಯಾರು, ನಾನೇ" ಅಂದೆ. ಹೊಗಳಿಕೆ ಬಿಟ್ಟುಕೊಡಲು ಮನಸ್ಸಾಗಲಿಲ್ಲ. ನರ್ಸ್ ಕೊಟ್ಟದ್ದು ಎಂದಿದ್ದರೆ ನೀವು ವಿಚಾರಿಸದೆ ಬಾಯಿಗಿಡುತ್ತಿರಲಿಲ್ಲ. ನನ್ನ ತಪ್ಪು ಅದೇ.

ಆ ಹುಡುಗಿಯ ಸುದ್ದಿ ಎಲ್ಲಿಯೂ ಎತ್ತಬೇಡಿ, ಈ ಅರಬರ ನಾಡಿಗೆ ಹಂದಿ ಮಾಂಸ ತರುವುದೇ ಅಪರಾಧ, ಅವಳ ಕೆಲಸ ಹೋದೀತು. ಓದಿ ಇದನ್ನು ಹರಿದುಹಾಕಿ.

ಬೈಯುವುದಿದ್ದರೆ ಬಂದು ನನ್ನನ್ನೇ ಬೈಯಿರಿ. ಬರುವ ಶುಕ್ರವಾರ ಚಹಾ ಮಾಡಿ ಕಾಯುತ್ತೇನೆ. ನಮ್ಮ ಮನೆಯ ಪಾತ್ರೆಯಲ್ಲಿ ಕುಡಿಯಲು ಮನಸ್ಸಾಗದಿದ್ದರೆ ನಿಮ್ಮ ಲೋಟ ತನ್ನಿ, ನಾನು ಬೇಸರಿಸುವುದಿಲ್ಲ.

ವಾರಿಜಾ