ತಬಿಯತ್ತಿಗೆ ಇಲ್ಲದ ದೀರ್ಘ

ಕಲಬುರಗಿ,
ಫಸಲಿ 1333, ಮಾಘ ಶುದ್ಧ ಪಂಚಮಿ

ಯಜಮಾನರಿಗೆ ಪುತಳಾಬಾಯಿಯ ಶರಣಾರ್ಥಿ.

ಆರೋಗ್ಯ ಹೇಗಿದೆ ಎಂದು ಕೇಳಿ, ಆಮೇಲೆ ಮಿಕ್ಕ ಸಂಗತಿ ಬರೆಯುವುದು ರೂಢಿ. ಈ ಸಲ ಕೇಳುವುದಿಲ್ಲ. ನೀವು ಗುಂಡುಕಲ್ಲಿನ ಹಾಗೆ ಇದ್ದೀರೆಂದು ನಿನ್ನೆ ಗೊತ್ತಾಯಿತು. ಹೈದರಾಬಾದಿನ ಊಟ ಒಗ್ಗಿದೆಯಂತೆ, ಮೈಯೂ ತುಂಬಿಕೊಂಡಿದೆಯಂತೆ. ಸಂತೋಷ. ನಾನೂ ಕ್ಷೇಮವಾಗಿದ್ದೇನೆ, ಕಮಲಾಪುರದ ನಿಮ್ಮ ಮನೆಯಲ್ಲಲ್ಲ, ಕಲಬುರಗಿಯ ನನ್ನ ತವರಿನಲ್ಲಿ. ಏಕೆಂದು ಹೇಳುತ್ತೇನೆ, ಪುರುಸೊತ್ತು ಮಾಡಿಕೊಂಡು ಓದಿ. ಹೇಗೂ ಪುಸ್ತಕ ಓದುವ ತೊಂದರೆ ನಿಮಗಿಲ್ಲ.

ಸಂಕ್ರಾಂತಿಗೆ ಮುಂಚೆ ನೀವು ಬರೆದ ಪತ್ರವನ್ನು ಅತ್ತೆಯವರಿಗೆ ಓದಿ ಹೇಳಿದವಳು ನಾನೇ. “ಈ ವರ್ಷ ತಬಿಯತ್ ಕೈಕೊಟ್ಟಿತು. ಹರಕತ್ ಒಂದನ್ನು ಹೇಗೋ ದಾಟಿದೆ. ಹರಾರತ್ ನನ್ನನ್ನು ಹಣ್ಣು ಮಾಡಿತು. ನೂರ್ ಹೋಯಿತು, ಆವಾಜ್ ಹೋಯಿತು, ಬರ್ಕ್‌ನಲ್ಲಿ ಪೂರಾ ಸುಟ್ಟುಹೋದೆ” ಎಂದಿತ್ತು. ನಮ್ಮ ಕಡೆ ತಬಿಯತ್ ಎಂದರೆ ಮೈಯ ಆರೋಗ್ಯ, ಹರಕತ್ ಎಂದರೆ ಅಡ್ಡಿ, ಹರಾರತ್ ಎಂದರೆ ಜ್ವರ, ನೂರ್ ಎಂದರೆ ಕಣ್ಣಿನ ಬೆಳಕು. ಇದು ನಿಮಗೆ ಗೊತ್ತಿಲ್ಲದ್ದಲ್ಲ. ಬರ್ಕ್ ಎಂದರೆ ಸಿಡಿಲು ಎಂದು ಬಳೆ ತೊಡಿಸಲು ಬಂದಿದ್ದ ಮಸ್ತಾನಬಿ ಬಿಡಿಸಿ ಹೇಳಿದಳು. ಅತ್ತೆ ಅಲ್ಲೇ ಗೋಡೆಗೆ ಒರಗಿ ಕುಸಿದರು. “ಕಣ್ಣು ಹೋಗ್ಯಾವ, ದನಿ ಹೋಗ್ಯಾದ, ಮ್ಯಾಲ ಸಿಡ್ಲು ಬಡದಾದ. ನನ್ನ ಕೂಸಿನಾಗ ಇನ್ನೇನು ಉಳದದ” ಎಂದು ಅತ್ತರು. ಮಗ ಎದ್ದು ಓಡಾಡುವ ತನಕ ರೊಟ್ಟಿ ಮುಟ್ಟುವುದಿಲ್ಲ ಎಂದು ಶರಣಬಸಪ್ಪನಿಗೆ ಹರಕೆ ಹೊತ್ತರು. ಅಂದಿನಿಂದ ಬರೀ ಅಂಬಲಿ. ನಿಮ್ಮ ಸೋದರಮಾವ ಅಮೋಘಪ್ಪನವರಿಗೆ ಕಾರಣ ತಕ್ಷಣ ಹೊಳೆಯಿತು. “ಈಕಿ ಕಾಲಗುಣ ಛಲೋ ಇಲ್ಲ. ಅವ ನೆಟ್ಟಗ ಆಗೂತನಾ ತವರಾಗ ಇರಲಿ” ಎಂದರು. ಮರುದಿನವೇ ನನ್ನನ್ನು ಬಂಡಿ ಹತ್ತಿಸಿದರು.

ನಮ್ಮ ಮನೆಯ ಹಿಂದಿನ ಓಣಿ ಮೋಮಿನಪುರ. ಅಲ್ಲಿ ಹೆಣ್ಣುಮಕ್ಕಳಿಗೆ ಉರ್ದು ಓದಿಸುವ ನಜ್ಮಾ ನನ್ನ ಬಾಲ್ಯದ ಗೆಳತಿ. ಅವಳ ಅಣ್ಣ ಜಹಾಂಗೀರ್ ನಿಮ್ಮ ಕಾಲೇಜಿನವನೇ, ರಜೆಗೆ ಬಂದಿದ್ದಾನೆ, ನಿಮ್ಮ ಮೈ ತುಂಬಿದ ಸುದ್ದಿ ಹೇಳಿದವನೂ ಅವನೇ. ನಿನ್ನೆ ಇಬ್ಬರಿಗೂ ನಿಮ್ಮ ಪತ್ರ ತೋರಿಸಿದೆ. ನಜ್ಮಾ ಓದಿ, ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. “ಇದು ಬೀಮಾರಿ ಅಲ್ಲ ಪುತಳಾ, ಇಮ್ತಿಹಾನ್ ಅದ” ಎಂದಳು. ಬೇನೆಯಲ್ಲ, ಪರೀಕ್ಷೆ. ಜಗತ್ತಿನ ವಸ್ತುಗಳ ಗುಣ, ಬಲಗಳನ್ನು ಕಲಿಸುವ ಶಾಸ್ತ್ರಕ್ಕೆ ನಿಮ್ಮ ಉರ್ದು ಪುಸ್ತಕಗಳಲ್ಲಿ ತಬೀಯಾತ್ ಎಂಬ ಹೆಸರಂತೆ. ನೀವು ಬರೆದ ಒಂದೊಂದು ಬೇನೆಯೂ ಅದರ ಒಂದೊಂದು ಕವಲಂತೆ. ಅಣ್ಣ ತಂಗಿ ಕೂಡಿ ಎಲ್ಲವನ್ನೂ ವಿವರಿಸಿದರು. ಹರಕತ್ ಎಂದರೆ ನಾವು ಅಂದುಕೊಂಡ ಅಡ್ಡಿಯಲ್ಲ, ಚಲನೆ. ನಿಂತ ವಸ್ತು ಯಾರಾದರೂ ನೂಕುವ ತನಕ ನಿಂತೇ ಇರುತ್ತದೆ ಎಂಬುದು ಅದರ ಮೊದಲ ಪಾಠ. ನೀವು ಅದೊಂದರಲ್ಲಿ ಪಾಸಾದದ್ದು ನನಗೆ ಆಶ್ಚರ್ಯವಲ್ಲ, ನೂಕದೆ ಅಲುಗದ ವಸ್ತುವಿನ ಸ್ವಭಾವ ನಿಮಗೆ ಯಾರೂ ಕಲಿಸಬೇಕಿಲ್ಲ. ಹರಾರತ್ ಎಂದರೆ ಶಾಖ. ಅದು ಬಿಸಿಯಾದದ್ದರಿಂದ ತಣ್ಣಗಿನದಕ್ಕೆ ಹರಿಯುತ್ತದೆ, ಕಬ್ಬಿಣವನ್ನು ಹಿಗ್ಗಿಸುತ್ತದೆ, ಅದಕ್ಕೇ ರೈಲುಹಳಿಗಳ ನಡುವೆ ಸಂದು ಬಿಡುತ್ತಾರೆ. ಆ ಹಳಿಗಳ ಮೇಲೆಯೇ ಹೋಗಿ ಬರುತ್ತೀರಿ, ಬಹುಶಃ ನಿದ್ದೆಯಲ್ಲಿ. ನೂರ್ ಬೆಳಕಿನ ಪಾಠ, ನೇರ ಹೋಗುವುದು, ನೀರಿಗಿಳಿದರೆ ಬಾಗುವುದು, ಕನ್ನಡಿಗೆ ಬಡಿದರೆ ಮರಳುವುದು. ಕನ್ನಡಿಯ ಮುಂದೆ ಕ್ರಾಪು ತಿದ್ದುತ್ತ ನೀವು ಕಳೆದ ಹೊತ್ತಿಗೆ ಅದರಲ್ಲಾದರೂ ದಾಟಬೇಕಿತ್ತು. ಆವಾಜ್ ಸದ್ದಿನ ಪಾಠ. ತಂತಿ ನಡುಗಿದರೆ ಗಾಳಿ ನಡುಗುತ್ತದೆ, ಗಾಳಿ ನಡುಗಿದರೆ ಕಿವಿಗೆ ಕೇಳುತ್ತದೆ, ಆದರೆ ದೂರ ಹೋದಷ್ಟೂ ಕುಗ್ಗುತ್ತದೆ. ತಾಯಿಯ ಅಳು ಹೈದರಾಬಾದಿಗೆ ಮುಟ್ಟದಿರಲು ಇದೇ ಕಾರಣವಿರಬೇಕು. ಬರ್ಕ್ ಎಂದರೆ ವಿದ್ಯುತ್ತು, ಅದಕ್ಕೆ ಜೊತೆ ಸೂಜಿಗಲ್ಲಿನ ಪಾಠ. ವಿದ್ಯುತ್ತು ಹರಿಯುವ ತಂತಿಯ ಪಕ್ಕದಲ್ಲಿ ದಿಕ್ಸೂಚಿ ಇಟ್ಟರೆ ಮುಳ್ಳು ತಿರುಗುತ್ತದಂತೆ, ಅಂದರೆ ಎರಡೂ ಒಂದೇ ಬಳ್ಳಿಯವು. ನನಗೆ ಇಷ್ಟು ತಿಳಿಯಲು ಒಂದು ಮಧ್ಯಾಹ್ನ ಸಾಕಾಯಿತು, ಅದೂ ತೊಗರಿ ಹಸನು ಮಾಡುತ್ತ. ಇನ್ನೂ ಕೇಳಬೇಕೆನ್ನಿಸಿತು. ಇಷ್ಟು ಚೆಂದದ ಶಾಸ್ತ್ರ ನಿಮ್ಮ ಪಾಲಿಗೆ ಬಂದದ್ದಕ್ಕೆ ಆ ಶಾಸ್ತ್ರದ ಮೇಲೆಯೇ ಮರುಕವಾಯಿತು.

ಈಗ ಒಂದು ಸಣ್ಣ ಮಾತು. ತಬೀಯಾತ್ ಎಂದು ಬರೆಯಲು ದೀರ್ಘ ಬೇಕು. ನಿಮ್ಮ ಪತ್ರದಲ್ಲಿ ಅದಿಲ್ಲ, ದೀರ್ಘವಿಲ್ಲದ ಬರೀ ತಬಿಯತ್ ಇದೆ. ನಜ್ಮಾ ಪಾಪದವಳು, ಕೈತಪ್ಪಿರಬೇಕು ಎಂದಳು. ನನ್ನ ಪತ್ರದಲ್ಲಿ ಒಂದು ದೀರ್ಘ ತಪ್ಪಿದರೆ ಕೆಂಪು ಶಾಯಿಯಲ್ಲಿ ತಿದ್ದಿ ಮರಳಿ ಕಳಿಸುವ ಗಂಡಸು ನೀವು ಎಂದು ಅವಳಿಗೆ ಹೇಗೆ ಗೊತ್ತಾಗಬೇಕು. ಸೋತೆ ಎಂಬ ಮಾತು ಕನ್ನಡದಲ್ಲಿದೆ. ಎರಡೇ ಅಕ್ಷರ, ಕಷ್ಟದ ಮಾತಲ್ಲ. ಪರೀಕ್ಷೆಯಲ್ಲಿ ಸೋತದ್ದಕ್ಕೆ ನಾನು ನಿಮ್ಮನ್ನು ಹೀಗಳೆಯುತ್ತಿಲ್ಲ, ಯಾರು ಬೇಕಾದರೂ ಸೋಲುತ್ತಾರೆ. ಆದರೆ ಬೈಗುಳ ತಪ್ಪಿಸಿಕೊಳ್ಳಲು ಸೋಲಿಗೆ ಬೇನೆಯ ವೇಷ ಹಾಕಿ ಹೆತ್ತ ತಾಯಿಯ ತಟ್ಟೆಯ ರೊಟ್ಟಿ ಕಿತ್ತುಕೊಂಡಿರಲ್ಲ, ಅದನ್ನು ನೆನೆದರೆ ಅಸಹ್ಯವಾಗುತ್ತದೆ. ನನ್ನ ಕಾಲಗುಣದ ಮಾತು ಇರಲಿ, ಆ ಕಾಲು ಇನ್ನು ನಿಮ್ಮ ಹೊಸ್ತಿಲು ತುಳಿಯಬೇಕೋ ಬೇಡವೋ ಎಂದು ನಾನೇ ಯೋಚಿಸುತ್ತೇನೆ. ಅತ್ತೆಗೆ ನಾನು ತಿಳಿಸಿದರೆ ಚಾಡಿ ಎನ್ನುತ್ತಾರೆ. ಆದ್ದರಿಂದ ನೀವೇ ಅವರಿಗೆ ತಿಳಿಯುವ ಮಾತಿನಲ್ಲಿ ಬರೆಯಿರಿ.

ಮನೆಯ ಹಿರಿಯರು ನಿಮ್ಮನ್ನು ಕೇಳಿದ್ದಾರೆ. ಅವರ ಆಶೀರ್ವಾದವನ್ನು ತಿಳಿಸಿದ್ದೇನೆ, ಅದಕ್ಕೆ ನನ್ನದೇನೂ ಸೇರಿಸಿಲ್ಲ.

ಇತಿ,
ಪುತಳಾಬಾಯಿ

ತಾ.ಕ.: ಪತ್ರ ಮಡಿಚುವಾಗ ಬಾಗಿಲಿಗೆ ಕಮಲಾಪುರದ ಬಂಡಿ ಬಂತು. ಅತ್ತೆ ಬಂದಿದ್ದಾರೆ, ಅಮೋಘಪ್ಪನವರೂ ಜೊತೆಗಿದ್ದಾರೆ. ನಾಳೆಯ ಗಾಡಿಗೆ ಹೊರಟು, ವಾಡಿಯಲ್ಲಿ ಬದಲಿಸಿ ನಿಮ್ಮಲ್ಲಿಗೆ ಬರುತ್ತಾರೆ. ಅದಕ್ಕೇ ಇದನ್ನು ಟಪ್ಪಾಲಿಗೆ ಹಾಕದೆ, ಇವತ್ತೇ ಹೊರಡುವ ಜಹಾಂಗೀರನ ಕೈಯಲ್ಲಿ ಕೊಡುತ್ತಿದ್ದೇನೆ. ಅತ್ತೆಯವರ ಕೈಬಳೆಗಳು ಮೊಣಕೈವರೆಗೆ ಜಾರುತ್ತಿವೆ. ನಿಮಗೆಂದು ಕೆಂಪು ಬಾಳೆಹಣ್ಣು ಮಡಿಲಲ್ಲೇ ಇಟ್ಟುಕೊಂಡು ಬಂದಿದ್ದಾರೆ. ನನ್ನ ಕೈ ಹಿಡಿದು, “ಪುತಳಾ, ನಾ ಎದುರಿಗಿ ನಿಂತರ ಅವನಿಗಿ ಕಾಣ್ತೀನೇನ?” ಎಂದು ಕೇಳಿದರು. ತಡೆಯಲಾರದೆ ಹೇಳಿಬಿಟ್ಟೆ, ನಿಮ್ಮ ಮಗನಿಗೆ ಏನೂ ಆಗಿಲ್ಲ ಎಂದು. ನಂಬಲಿಲ್ಲ. “ನನ್ನ ಮಗ ಸುಳ್ಳು ಬರಿಯಾಂವ ಅಲ್ಲ” ಎಂದರು. ನಾಡಿದ್ದು ನಿಮ್ಮ ಕೋಣೆಯ ಬಾಗಿಲಲ್ಲಿ ನಿಂತು, ಕಾಣುತ್ತೇನೆಯೇ ಎಂದು ನಿಮ್ಮನ್ನೇ ಕೇಳುತ್ತಾರೆ. ಕನ್ನಡದಲ್ಲಿ ಉತ್ತರ ಕೊಡಿ.